ತನ್ನದೇ ರಕ್ತದ ರಿಪೋರ್ಟು

ಮೂರನೇ ಸಲ ಚುಚ್ಚಿದರೂ ನರ ಸಿಗಲಿಲ್ಲ. ಕುರ್ಚಿಯಲ್ಲಿದ್ದ ಮುದುಕಿ, "ಏನಮ್ಮಾ, ಬಾವಿ ತೋಡ್ತಿದ್ದೀಯಾ?" ಎಂದಳು. ಒಂಬತ್ತು ವರ್ಷದಿಂದ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದವಳ ಮುಖ ಸಣ್ಣದಾಯಿತು. ಎರಡು ತಿಂಗಳಿಂದ ಬೆರಳ ತುದಿಗೆ ಜೋಮು. ನರದ ಉಬ್ಬು ತಿಳಿಯುತ್ತಿರಲಿಲ್ಲ. ಲ್ಯಾಬಿನ ಏಸಿಯ ಚಳಿ ಎಂದು ತನಗೆ ತಾನೇ ಹೇಳಿಕೊಂಡು ತಳ್ಳಿಹಾಕಿದ್ದಳು.

ಮನೆಯಲ್ಲಿ ಅಮ್ಮನ ತೀರ್ಪು ಸಿದ್ಧವಿತ್ತು. "ನಾಲ್ಕು ವರ್ಷದಿಂದ ಮಾಂಸ ಬೇಡ, ಮೊಟ್ಟೆ ಬೇಡ, ಹಾಲೂ ಬೇಡ. ಜೋಮು ಹಿಡೀದೆ ಇನ್ನೇನಾಗುತ್ತೆ?"

"ನನ್ನ ಕೊಲೆಸ್ಟ್ರಾಲ್ ಇಳಿದಿದ್ದು ನಿನ್ನ ಕಣ್ಣಿಗೆ ಬೀಳಲ್ಲ ಅಲ್ವಾ?"

"ಬಿದ್ದಿದೆ. ನಿನ್ನ ಕೈಯಿಂದ ಎರಡು ಲೋಟಾನೂ ಬಿದ್ದಿದೆ."

ಮಾತು ನಾಟಿತು. ಮಾಂಸ, ಹಾಲಿನಂಥವುಗಳಿಂದಲೇ ಸಿಗುವ ವಿಟಮಿನ್ ಬಿ-ಹನ್ನೆರಡರ ಕೊರತೆಯೆಲ್ಲ ಮಾತ್ರೆ ಕಂಪನಿಗಳ ಕಟ್ಟುಕಥೆ ಎಂದು ವೀಗನ್ ಗೆಳತಿಯರು ಅಂದಾಗ ಅವಳೂ ತಲೆಯಾಡಿಸಿದ್ದಳು. ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ಎರಡೂ ಕಡೆಯ ಮಾತು ಸಾಕು, ನೋಡಿಯೇ ಬಿಡೋಣ ಎಂದು ಮರುದಿನ ಲ್ಯಾಬಿನ ಹಿರಿಯರ ಮುಂದೆ ತೋಳು ಚಾಚಿದಳು.

ಬಿ-ಹನ್ನೆರಡು ನೂರಾ ಹದಿನೆಂಟು. ಇನ್ನೂರಾದರೂ ಇರಬೇಕಿತ್ತು.

"ಇನ್ನೊಂದ್ಸಲ ಹಾಕಿ ಸರ್. ಮಷೀನು ಸರಿಯಿಲ್ಲ."

ಅವರು ಕನ್ನಡಕದ ಮೇಲಿಂದ ನೋಡಿದರು. "ಬೆಳಿಗ್ಗೆ ಮಷೀನು ಸರಿಯಿದೆ ಅಂತ ಸಹಿ ಹಾಕಿದ್ದು ಯಾರು?"

ಅವಳೇ. ಅದೇ ರಿಪೋರ್ಟಿನಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಕಬ್ಬಿಣ ಎಲ್ಲವೂ ಚೆನ್ನಾಗಿದ್ದವು. ಅವನ್ನು ನಂಬಿ, ಇದೊಂದನ್ನು ಮಾತ್ರ ಮಷೀನಿನ ತಲೆಗೆ ಕಟ್ಟುವುದು ಹೇಗೆ? ಕಾಗದ ಮಡಚಿಕೊಂಡು ನೇರ ಡಾಕ್ಟರ ಹತ್ತಿರ ಹೋದಳು. ಇಂಜೆಕ್ಷನ್ ಬರೆದ ಅವರು ಹೇಳಿದ್ದು ಇಷ್ಟೇ: ಈ ಊಟ ಬಿಡಬೇಕಾಗಿಲ್ಲ, ಆದರೆ ಬಿ-ಹನ್ನೆರಡರ ಔಷಧಿಯನ್ನು ಜೀವಮಾನವಿಡೀ ಬಿಡುವಂತಿಲ್ಲ.

ಅಮ್ಮ ಗೆದ್ದವಳಂತೆ ಹಾಲಿನ ಲೋಟ ತಂದಿಟ್ಟಳು.

"ಇಲ್ಲಮ್ಮ. ನೀನು ಹೇಳಿದ್ದು ಅರ್ಧ ಸರಿ. ಕೊರತೆ ಇದೆ, ಒಪ್ಪಿದೆ. ಮೂರು ತಿಂಗಳು ಇಂಜೆಕ್ಷನ್, ಆಮೇಲೆ ಮತ್ತೆ ಪರೀಕ್ಷೆ. ಆಗಲೂ ಏರದಿದ್ರೆ ಇದೇ ಮೇಜಿನ ಮುಂದೆ ಕೂತು ಮಾತಾಡೋಣ."

"ಹಠಮಾರಿ."

"ಯಾರ ಮಗಳು?"

ಮರುದಿನ ರೋಗಿಗಳ ಸಾಲು ಶುರುವಾಗುವ ಮೊದಲೇ ಹಿರಿಯರ ಬಳಿ ಹೋದಳು. "ಬೆರಳು ಸರಿಹೋಗೋವರೆಗೂ ನನಗೆ ಸೂಜಿ ಕೆಲಸ ಬೇಡ ಸರ್. ಒಳಗೆ ಮಷೀನಿನ ಕೆಲಸಕ್ಕೆ ಹಾಕಿ."

"ನಿನಗಿಂತ ಕೈ ಪಳಗಿದವರು ಇಲ್ಲಿ ಯಾರಿದ್ದಾರೆ ಮಾರಾಯ್ತಿ?"

"ಇವತ್ತಿಗೆ, ಎಲ್ಲರೂ," ಎಂದು ಒಳಗೆ ಹೋಗಿ ಮಷೀನಿಗೆ ಟ್ಯೂಬುಗಳನ್ನು ಜೋಡಿಸತೊಡಗಿದಳು.