ಡ್ರ್ಯಾಗನ್ನಿಗೆ ಇನ್ನೊಂದು ಜೊತೆ ಹೆಗಲು

ಚೆನ್ನೈನ ಪೆರುಂಗುಡಿಯ ಒಂದು ಗೇಮ್ ಕಂಪನಿಯಲ್ಲಿ ನನ್ನ ಕೆಲಸ ಪ್ರಾಣಿಗಳಿಗೆ ಮೂಳೆ ಕೂಡಿಸುವುದು. ಚಿತ್ರ ಬರೆಯುವವರು ಮೈ ಮಾಡಿ ಕೊಡುತ್ತಾರೆ. ಅದು ನಡೆಯುವ ಹಾಗೆ ಕಂಪ್ಯೂಟರಿನಲ್ಲಿ ಅಸ್ಥಿಪಂಜರ ಇಡುವವಳು ನಾನು. ಹದಿನಾಲ್ಕು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದೆ. ಕಾಲೇಜಿನವರು ಆ ವಿಭಾಗವನ್ನೇ ಮುಚ್ಚಿದ ಮೇಲೆ ಇಲ್ಲಿಗೆ ಬಂದೆ. ಶುಕ್ರವಾರ ಡ್ರ್ಯಾಗನ್ ಹಾರಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮತ್ತೆ ಮನೆ.

ಅದು ಹಾರುತ್ತಿರಲಿಲ್ಲ. ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ. ಹೆಗಲು ಮಾತ್ರ ಒಂದೇ ಜೊತೆ. ರೆಕ್ಕೆ ಬಡಿದಾಗಲೆಲ್ಲ ಮುಂಗಾಲು ಎದ್ದು ಸೆಲ್ಯೂಟ್ ಹೊಡೆಯುತ್ತಿತ್ತು.

"ಮುಂಗಾಲು ತೆಗೀರಿ," ಎಂದೆ ತಂಡದ ಮುಖ್ಯಸ್ಥ ಗಿರಿಧರ್‌ಗೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. "ಬೆನ್ನುಮೂಳೆ ಇರೋ ಪ್ರಾಣಿಗೆ ಕೈಕಾಲು ಸೇರಿ ನಾಲ್ಕೇ. ರೆಕ್ಕೆ ಅಂದ್ರೇ ಕೈ."

"ಬೆಂಕಿ ಉಗುಳೋದನ್ನ ಒಪ್ಕೊಂಡ್ರಿ, ಕಾಲು ಮಾತ್ರ ಎಣಿಸ್ತೀರಲ್ಲ ಮೇಡಂ! ಪೋಸ್ಟರ್ ಆಗ್ಲೇ ಹೊರಗೆ ಹೋಗಿದೆ."

ಹಿಡಿದ ಹಟ ಬಿಡುವ ಜಾಯಮಾನ ನನ್ನದಲ್ಲ. ಮಧ್ಯಾಹ್ನ ಮೊಸರನ್ನ ಮುಗಿಸಿ, ಪಕ್ಕದಲ್ಲಿ ಕೋಳಿರೆಕ್ಕೆ ತಿನ್ನುತ್ತಿದ್ದ ಚಿತ್ರಕಾರ ದಿನೇಶನಿಗೆ ಹೇಳಿದೆ: "ಆ ಮೂಳೆ ಬಿಸಾಡ್ಬೇಡಪ್ಪ, ನನಗೆ ಬೇಕು."

ಊಟದ ಕೋಣೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಏಕಾದಶಿಗೆ ಉಪವಾಸ ಇರುವ ಅಂಬುಜಾ ಮೇಡಂ ಕೋಳಿಮೂಳೆ ಕೇಳುವುದೆಂದರೆ!

ತೊಳೆದು, ಟಿಶ್ಯೂ ಮೇಲೆ ಜೋಡಿಸಿದೆ. ತೋಳಿಗೆ ಒಂದು, ಮುಂಗೈಗೆ ಎರಡು, ತುದಿಯಲ್ಲಿ ಅಂಟಿಕೊಂಡ ಬೆರಳು. ಗಿರಿಧರ್ ತನ್ನ ಕೈ ಪಕ್ಕದಲ್ಲಿಟ್ಟು ನೋಡಿದ.

"ಥೇಟ್ ನನ್ನ ಕೈನೇ! ಆದ್ರೂ ಪೋಸ್ಟರ್‌ನಲ್ಲಿ ರೆಕ್ಕೆ ಸೇರಿ ಆರು ಇದೆ ಮೇಡಂ."

ಮೈಯೆಲ್ಲ ಉರಿಯಿತು. ಆದರೆ ಆ ಮೂಳೆ ನೋಡುತ್ತಲೇ ಕೂತಾಗ, ನಾನೇ ಪಾಠ ಮಾಡಿದ್ದು ನೆನಪಾಯಿತು. ನಮಗೆ ನಾಲ್ಕೇ ಯಾಕೆ? ಕೋಟ್ಯಂತರ ವರ್ಷದ ಹಿಂದೆ ದಡ ಹತ್ತಿದ ಮೀನಿಗೆ ಎರಡು ಜೊತೆ ಈಜುರೆಕ್ಕೆ ಇದ್ದವು, ಅದಕ್ಕೆ. ಈ ಆಟದ ಲೋಕದಲ್ಲಿ ಮೂರು ಜೊತೆಯ ಮೀನು ದಡ ಹತ್ತಿತ್ತು ಅಂತಿಟ್ಟುಕೊಂಡರೆ?

ಎದೆಗೂಡು ಉದ್ದ ಮಾಡಿ, ಮೊದಲ ಹೆಗಲಿನ ಹಿಂದೆ ಇನ್ನೊಂದು ಜೊತೆ ಹೆಗಲು ಕೂಡಿಸಿದೆ. ಶುಕ್ರವಾರ, ಆಟ ಮಾಡಿಸುತ್ತಿದ್ದ ಗಿರಾಕಿಗಳು ವಿಡಿಯೋ ಕರೆಯಲ್ಲಿ ನೋಡುತ್ತಿದ್ದಂತೆ ಡ್ರ್ಯಾಗನ್ ಮುಂಗಾಲು ಮಡಚಿ ಮೇಲೆದ್ದಿತು. ಸುಳ್ಳೇಕೆ, ನನ್ನ ಕಣ್ಣು ತುಂಬಿತು.

ಕೆಲಸ ಕಾಯಂ ಎಂದ ಗಿರಿಧರ್. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ನಾನು ಮೇಷ್ಟ್ರೇ ಅಲ್ಲ. ಎಲ್ಲರಿಗೂ ಮೀನಿನ ಪಾಠ ಹೇಳಿ, "ಒಂದೇ ಮೀನಿನ ವಂಶ ಅಂದ್ಮೇಲೆ ಈ ಲೋಕದ ಹಸು, ನಾಯಿ, ರಾಜ, ಎಲ್ಲರಿಗೂ ಆರೇ ಇರ್ಬೇಕು," ಎಂದುಬಿಟ್ಟೆ.

ಗಿರಾಕಿಗಳಿಗೆ ಅದು ಬಹಳ ಹಿಡಿಸಿತು.

"ಒಟ್ಟು ನಲವತ್ತೊಂದು ಪ್ರಾಣಿ ಮೇಡಂ," ಎಂದ ಗಿರಿಧರ್ ನಗುತ್ತ. "ಪೊಂಗಲ್ ಒಳಗೆ ಬೇಕಂತೆ."

ಸೋಮವಾರ ಹಸುವಿನಿಂದ ಶುರು ಮಾಡಿದೆ. ಒಂದು ಕೈ ಕೀಬೋರ್ಡಿಗೆ, ಒಂದು ಮೌಸಿಗೆ. ಕಾಫಿ ಪಕ್ಕದಲ್ಲೇ ಆರುತ್ತಿತ್ತು. ಎರಡೇ ಜೊತೆ ಹೊತ್ತು ದಡ ಹತ್ತಿದ ಆ ಮೀನಿನ ಮೇಲೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು.