ಬಳೆಗಲ್ಲು

“ಬಿಚ್ಚಬೇ ಹಗ್ಗಾ! ನಿಮ್ಮಪ್ಪ ನೆಟ್ಟ ಗೂಟ ಏನ ಅದು, ಬಂದಾಕಿನ ಎಮ್ಮಿ ಕಟ್ಟಿದಾಂಗ ಕಟ್ಟಾಕ?”

ಗುಡಿಯ ಕಟ್ಟೆಯ ಮೇಲಿನಿಂದ ಚನಮಲ್ಲಪ್ಪಗೌಡನ ಮಾತು ಉರುಳಿ ಬಂದಾಗ ಶೇವಂತಿ ಮೊಣಕಾಲುದ್ದ ನೀರಿನಲ್ಲಿ ನಿಂತು ಮುದುಕಿಯೊಬ್ಬಳನ್ನು ದೋಣಿಯಿಂದ ಇಳಿಸುತ್ತಿದ್ದಳು. ಮಾಘದ ಚಳಿಗೆ ನೀರಿನ ಮೇಲೆ ಇನ್ನೂ ಹೊಗೆ ಆಡುತ್ತಿತ್ತು. ದೋಣಿಯಲ್ಲಿ ಇನ್ನೂ ಆರು ಮಂದಿ ಕೂತಿದ್ದರು. ಸಾವಳಗಿ ಕಡೆಯ ದಂಡೆಯಿಂದ ರಬಕವಿಯ ಮಗ್ಗಗಳಿಗೆ ಬರುವ ಹೆಣ್ಣುಮಕ್ಕಳು ಐವರು, ಕಾಲು ಕಟ್ಟಿದ ಟಗರಿನೊಂದಿಗೆ ಕುರುಬರ ಮಾಯವ್ವ ಒಬ್ಬಳು.

“ಮಂದಿ ಇಳೀತನಾ ತಡ್ಯೋರಿ ಗೌಡ್ರ. ಮುದಿಜೀವ ಐತಿ, ಕಾಲ ಜಾರ್ತಾವು.”

“ಹೊತ್ಕೊಂಡ ಹೋಗ ಹೆಗಲ ಮ್ಯಾಲ. ದೇವರ ಕಲ್ಲಿಗಿ ಮೀನಿನ ಹಗ್ಗಾ ಹತ್ತಸಬ್ಯಾಡ ಅಂತ ಎಷ್ಟ ಸಲ ಹೇಳ್ಬೇಕ? ರಂಡಮುಂಡಿ, ಗಂಡನ್ನ ನುಂಗಿದಿ, ಇನ್ನ ಊರ ನೀರ ಹೊಲಸ ಮಾಡಾಕ ನಿಂತಿ.”

ಗೌಡ ಮೆಟ್ಟಿಲಿಳಿದು ಬಂದ. ಹಗ್ಗ ಮುಟ್ಟಲಿಲ್ಲ. ಕೈಯಲ್ಲಿದ್ದ ಬೆತ್ತದ ತುದಿಯನ್ನು ಗಂಟಿನೊಳಗೆ ತೂರಿಸಿ ತಿರುವಿ ಎಬ್ಬಿಸಿದ. ಗಂಟು ಬಿಚ್ಚಿಕೊಂಡಿತು. ದೋಣಿ ಹಿಂದಕ್ಕೆ ಜಾರಿತು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ದೋಣಿಯಲ್ಲಿ ಇಟ್ಟಿದ್ದ ಮುದುಕಿ ನಡುವೆ ಬಿದ್ದಳು. ಟಗರು ಅರಚಿತು. ಶೇವಂತಿ ಒಂದು ಕೈಯಲ್ಲಿ ಮುದುಕಿಯ ಸೆರಗು, ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಹಿಡಿದು, ಎದೆಮಟ್ಟದ ನೀರಿಗೆ ಹೋಗಿ ನಿಂತಳು.

“ಬಿಚ್ಚಿದ್ದಷ್ಟ ನಾನು,” ಎಂದ ಗೌಡ, ಬೆತ್ತವನ್ನು ನೀರಿನಲ್ಲಿ ಅದ್ದಿ ತೊಳೆಯುತ್ತ. “ಹೊಳಿ ಒಯ್ದರ ನನ್ನ ಕೇಳಬ್ಯಾಡ.”

ಆ ಘಟ್ಟಕ್ಕೆ ಹನ್ನೊಂದು ಮೆಟ್ಟಿಲು. ಏಳನೆಯ ಮೆಟ್ಟಿಲ ಬದಿಯಲ್ಲಿ ಆಳೆತ್ತರದ ಕರಿಕಲ್ಲು, ಅದರ ಹೊಟ್ಟೆಯಲ್ಲಿ ತೊಡೆ ಗಾತ್ರದ ತೂತು. ಊರಿನವರು ಅದನ್ನು ಬಳೆಗಲ್ಲು ಎನ್ನುತ್ತಿದ್ದರು. ಹಿಂದಿನಿಂದ ಬಂದ ಕಟ್ಟಳೆ ಇಷ್ಟೇ: ಕಲ್ಲಿನಿಂದ ಮೇಲಕ್ಕೆ ದೇವರ ನೀರು, ಕಲ್ಲಿನಿಂದ ಕೆಳಕ್ಕೆ ಅಂಬಿಗರ ದೋಣಿ. ಹೊಳೆ ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದ ಕಾಲದಲ್ಲಿ ಮೀನು ತೊಳೆದ ನೀರು ದೇವರ ಕೊಡಕ್ಕೆ ಬರುವ ಮಾತೇ ಇರಲಿಲ್ಲ. ಅಂಬಿಗರೂ ಆ ಕಲ್ಲಿನ ಸುದ್ದಿಗೆ ಹೋಗುತ್ತಿರಲಿಲ್ಲ. ಕೆಳಗಿನ ಮರಳಿನಲ್ಲಿ ಗೂಟ ಬಡಿದರೆ ಗೂಟ ನಿಲ್ಲುತ್ತಿತ್ತು.

ಆಮೇಲೆ ಕೆಳಗೆಲ್ಲೋ ಬ್ಯಾರೇಜು ಕಟ್ಟಿದರು, ಗೇಟು ಇಳಿಸಿದರು. ಹೊಳೆ ಮೂರು ವರ್ಷದಿಂದ ನಿಂತೇ ಇತ್ತು. ಮರಳು ಮುಳುಗಿ ರಾಡಿಯಾಯಿತು. ಮುಳುಗಿದ ಜಾಲಿಗಿಡಗಳ ಕೊರಡುಗಳು ನೀರಿನ ಅಡಿಯಲ್ಲಿ ಕಾದು ಕೂತವು. ಒಮ್ಮೆ ಅಲ್ಲಿ ಕಟ್ಟಿದ್ದಕ್ಕೆ ಕೊರಡು ಹಲಗೆಯನ್ನು ತೂತು ಮಾಡಿತ್ತು. ಶೇವಂತಿ ಆ ತೂತನ್ನು ಟಾರು ಕಾಸಿ ಮುಚ್ಚಿದ್ದಳು. ಊರಿನ ಉಳಿದ ಮೂರು ದೋಣಿಯವರು ದೋಣಿ ಒಡೆದು ಉರುವಲು ಮಾಡಿಕೊಂಡು, ಕಬ್ಬು ಕಡಿಯಲು ಹೋದರು. ಉಳಿದದ್ದು ಇದೊಂದು. ಗಂಡ ಮಲಕಾಜಪ್ಪ ತನ್ನ ಕೈಯಾರೆ ಕೂರಿಸಿದ ಹಲಗೆಗಳ ದೋಣಿ. ಅದಕ್ಕೆ ಕಟ್ಟಲು ನೆಲೆ ಇಲ್ಲದಿದ್ದರೆ ಅದೂ ಒಲೆಗೇ.

ಮರುದಿನ ಅವಳು ಗುಡಿಯ ಅಯ್ಯ ಗುರುಪಾದಯ್ಯನನ್ನು ಕಾಯ್ದು ನಿಂತಳು. ಅವನು ತಾಮ್ರದ ಕೊಡ ಹಿಡಿದು ಒದ್ದೆ ಮಡಿಯಲ್ಲಿ ಮೆಟ್ಟಿಲಿಳಿಯುತ್ತಿದ್ದ.

“ಅಯ್ಯಾರ, ಒಂದ ಮಾತ ಕೇಳ್ಲೇನ್ರಿ?”

“ದೂರ ನಿಂತ ಕೇಳು.”

“ಕಲ್ಲಿನ ಮ್ಯಾಲಕಡಿ ನೀರು ದೇವರಿಗಿ, ಕೆಳಗಿಂದು ನಮಗ. ಖರೆ ಐತ್ರಿ. ಆದರ ಈಗ ನೀರ ಹರಿಯೂದ ಬಿಟ್ಟೈತಿ. ಕೆಳಗ ಯಾವುದು, ಮ್ಯಾಲ ಯಾವುದ್ರಿ?”

ಗುರುಪಾದಯ್ಯ ನೀರಿನತ್ತ ನೋಡಿದ. ನೀರು ಹೊಲದಂತೆ ಸುಮ್ಮನೆ ಬಿದ್ದಿತ್ತು. ನಿನ್ನೆಯ ಹೂವು ಎಸೆದಲ್ಲೇ ತೇಲುತ್ತಿತ್ತು.

“ನೀರ ನಿಂತರೂ ಕಟ್ಟಳೆ ನಿಲ್ಲೂದಿಲ್ಲವ್ವಾ,” ಎಂದ. ಹೂವನ್ನು ಕೈಯಿಂದ ಸರಿಸಿ ಕೊಡ ಮುಳುಗಿಸಿದ. “ಹಂಗ ನೋಡಿದರ ನೀ ಆ ದಂಡಿಗೇ ಹೋಗಿ ಕಟ್ಟಬೇಕು. ಯಾಕ ಹೋಗೂದಿಲ್ಲ?”

“ಆ ದಂಡಿಗಿ ಗೌಡರ ಹೊಲ ಐತ್ರಿ.”

“ಮತ್ತ ಗೌಡರನ್ನ ಕೇಳು.”

ಅಂದಿನಿಂದ ಶೇವಂತಿ ಹೊಸ ರೀತಿ ಕಂಡುಕೊಂಡಳು. ದಂಡೆಗೆ ಬಂದೊಡನೆ ಹಗ್ಗದ ತುದಿಯನ್ನು ತನ್ನ ನಡುವಿಗೆ ಎರಡು ಸುತ್ತು ಸುತ್ತಿಕೊಂಡು, ಕಾಲನ್ನು ರಾಡಿಯಲ್ಲಿ ಊರಿ ನಿಲ್ಲುತ್ತಿದ್ದಳು. ಜನ ಇಳಿದು ಹೋಗುವ ತನಕ ಅವಳೇ ಗೂಟ. ರಾತ್ರಿ ಮಾತ್ರ ವಿಧಿಯಿಲ್ಲದೆ ಹಳೆಯ ತುಂಡು ಹಗ್ಗದಲ್ಲಿ ದೋಣಿಯನ್ನು ಜಾಲಿಯ ಕೊರಡಿಗೇ ಬಿಗಿದು ಬರುತ್ತಿದ್ದಳು. ಗಾಳಿ ಬಿಟ್ಟ ದಿನ ದೋಣಿ ಜಗ್ಗಿ ಜಗ್ಗಿ ಹೊಟ್ಟೆಯ ತೊಗಲು ಕಿತ್ತು ಬಂತು. ಮಾಯವ್ವ ನೋಡಿ ಕೊಬ್ಬರಿಎಣ್ಣೆ ತಂದುಕೊಟ್ಟಳು.

“ಯಕ್ಕಾ, ನಮ್ಮ ಬೀರಪ್ಪ ದೇವರ ಕುರಿಗ್ಯಾದರೂ ಹಟ್ಟಿ ಐತಿ. ನಿನ್ನ ದೋಣಿಗಿ ಅದೂ ಇಲ್ಲಲ್ಲಬೇ.”

“ಹಚ್ಚ ಸುಮ್ನ. ಉರೀತೈತಿ.”

ಮನೆಯಲ್ಲಿ ಮಾವ ಹಾಲಸಿದ್ದಪ್ಪ ಕಣ್ಣು ಕಾಣದೆ ಮೂಲೆ ಹಿಡಿದಿದ್ದ. ಸಂಜೆ ಸೊಸೆ ಮನೆಗೆ ಬಂದರೆ ಹಗ್ಗ ಮುಟ್ಟಿ ನೋಡುತ್ತಿದ್ದ. ಎಲ್ಲಿ ಹಸಿ, ಎಲ್ಲಿ ನಾರು ಎದ್ದಿದೆ, ಎಲ್ಲ ಬೆರಳಿಗೆ ತಿಳಿಯುತ್ತಿತ್ತು. ಆ ದಿನ ಹಗ್ಗಕ್ಕೆ ರಕ್ತದ ವಾಸನೆ ಹತ್ತಿತ್ತು. ಮುದುಕ ಹಗ್ಗವನ್ನು ಮೂಗಿಗೆ ಹಿಡಿದ. ಅಪ್ಪ ಅಜ್ಜಂದಿರಿಂದ ಬಾಯಿಪಾಠವಾದದ್ದನ್ನು ಪದ ಹಾಡಿದ ಹಾಗೆ ಹೇಳತೊಡಗಿದ.

“ಬರೂ ದೋಣಿಗಿ ನಿಂತ ದೋಣಿ ಜಾಗಾ ಬಿಡಬೇಕು. ಇನ್ನೊಬ್ಬರ ಗಂಟ ಬಿಚ್ಚಬಾರದು. ಸೋರೂ ದೋಣಿ ಕಂಡರ ನೀರ ಗೋರಿ ಹೋಗಬೇಕು. ನೀರ ಏರಿದರ, ದಂಡಿ ಮ್ಯಾಲ ಯಾವಾಂವ ಇರಲಿ, ಯಾರ ಹಗ್ಗ ಇರಲಿ, ವೈರೀದ ಇರಲಿ, ಸಡಿಲ ಬಿಡಬೇಕು. ಗಿಡ್ಡ ಹಗ್ಗ ದೋಣೀನ ನೀರಾಗ ಎಳೀತೈತಿ. ಏನವಾ?”

“ಹೂಂ ಮಾವ.”

“ನನ್ನ ಮಗಾ ಬಿಡಾಕಂತ ಹ್ವಾದ.”

ಮಲಕಾಜಪ್ಪ ಹೋದದ್ದೂ ಹಾಗೆಯೇ. ನಾಲ್ಕು ವರ್ಷದ ಹಿಂದಿನ ಮಹಾಪೂರದಲ್ಲಿ ನಾಲ್ಕೂ ದೋಣಿಗಳ ಹಗ್ಗ ಸಡಿಲಿಸಿ, ಕಡೆಗೆ ಗೌಡನ ನೀರೆತ್ತುವ ಮೋಟರು ಕೂತಿದ್ದ ಡ್ರಮ್ಮಿನ ತೆಪ್ಪದ ಹಗ್ಗ ಬಿಡಲು ಇಳಿದಿದ್ದ. ತೆಪ್ಪ ಉಳಿಯಿತು. ಮೋಟರು ಈಗಲೂ ಕಬ್ಬಿಗೆ ನೀರು ಎತ್ತುತ್ತಿದೆ. ಅವನ ಹೆಣ ಸಿಗಲಿಲ್ಲ.

ಬೇಸಿಗೆಯಲ್ಲಿ ಗೌಡನ ಹೊಸ ಬೋಟು ಬಂತು. ಬಿಳಿ ಫೈಬರಿನದು, ಹಿಂದೆ ಎಂಜಿನು. ಶ್ರಾವಣದಿಂದ ಜನರನ್ನು ದಾಟಿಸುವುದು ಅದೇ ಎಂದು ಡಂಗುರ ಸಾರಿದರು. ಗೌಡ ಬೋಟನ್ನು ಹಗ್ಗದಿಂದ ಕಟ್ಟಲಿಲ್ಲ. ಜಮಖಂಡಿಯಿಂದ ಕಬ್ಬಿಣದ ಸರಪಳಿ ತರಿಸಿ ಬಳೆಗಲ್ಲಿನ ತೂತಿನಲ್ಲಿ ಹಾಯಿಸಿ, ಎರಡು ಮೊಳಕ್ಕೆ ಬಿಗಿದು, ಅಂಗೈಯಗಲದ ಕೀಲಿ ಜಡಿದ. ಇನ್ನು ಯಾರೂ ಅಲ್ಲಿ ಕಟ್ಟುವ ಹಾಗಿರಲಿಲ್ಲ. ಮೇಲಿನ ಮೆಟ್ಟಿಲ ಬಳಿ ಊರ ಲೆಕ್ಕಿಗ ತಲಾಟಿ ಬಂದು ತಗಡಿನ ಬೋರ್ಡು ನೆಡಿಸಿದ. ಮಗ್ಗದ ಹುಡುಗಿ ರೇಷ್ಮಾ ಓದಿ ಹೇಳಿದಳು.

“ಪರವಾನಿಗಿ ಇಲ್ಲದ ದೋಣಿ ಈ ಘಟ್ಟದಲ್ಲಿ ಕಟ್ಟತಕ್ಕದ್ದಲ್ಲ. ಮೀನು, ಬಲೆ, ಪ್ರಾಣಿ ಇಳಿಸತಕ್ಕದ್ದಲ್ಲ. ತಪ್ಪಿದರ ದೋಣಿ ಜಪ್ತ. ಇಷ್ಟ ಐತಿ ಯಕ್ಕಾ.”

ಶೇವಂತಿ ಗಂಡನ ಹಳೆಯ ಪರವಾನಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಚಾವಡಿಗೆ ಹೋದಳು. ತಲಾಟಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಎರಡು ತಾಸು ನಿಲ್ಲಿಸಿ ಕಾಗದ ನೋಡಿದ.

“ಇದು ಮಲಕಾಜಪ್ಪನ ಹೆಸರಲೆ ಐತಿ.”

“ಹೌದ್ರಿ. ನನ್ನ ಹೆಸರಲೆ ಮಾಡಿಕೊಡ್ರಿ.”

“ಅಂವ ಬಂದ ಸಹಿ ಮಾಡ್ಬೇಕ. ಇಲ್ಲಾ, ಸತ್ತಾನಂತ ಕಾಗದ ತರಬೇಕ. ಹೆಣಾ ಸಿಕ್ಕಿಲ್ಲಲ್ಲ? ಕಾಗದದಾಗ ಇನ್ನೂ ಜೀವಂತ ಅದಾನ ನಿನ್ನ ಗಂಡ.” ಸುತ್ತ ಕೂತವರತ್ತ ನೋಡಿ ನಕ್ಕ. “ಮತ್ಯಾಕ ಕುಂಕುಮ ಅಳಸೀಬೇ, ಆಂ? ಯಾರ ಮ್ಯಾಲರ ಕಣ್ಣೈತೇನ?”

ಕೂತವರು ನಕ್ಕರು.

“ಅವರು ಹೊಳ್ಯಾಗ ಅದಾರ್ರಿ,” ಎಂದಳು ಶೇವಂತಿ. “ಸಾಹೇಬ್ರು ಒಂದೀಟ ಇಳದ ಬಂದರ ಸಹಿ ಮಾಡಿಕೊಡ್ತಾರು.”

ಹಣೆಯ ಬೋಳು ಜಾಗ ಉರಿಯುತ್ತಿತ್ತು. ಕಾಗದವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಹಿಂದಿನಿಂದ ತಲಾಟಿ, “ನಾಗರಪಂಚಮಿ ತನಾ ಟೈಮ್ ಐತಿ, ಆಮ್ಯಾಲ ಒಲಿಗಿ ಕಟಗಿ ಮಾಡ್ಕೊ ಅದನ್ನ,” ಎಂದು ಕೂಗಿದ.

ಪಂಚಮಿಗೆ ಎಂಟು ದಿನ ಇರುವಾಗ ನೀರು ಬಂತು.

ಬೆಳಿಗ್ಗೆ ಶೇವಂತಿ ದಂಡೆಗೆ ಬಂದಾಗ ಮೊದಲು ಕಿವಿಗೆ ತಿಳಿಯಿತು. ಹೊಳೆ ಸದ್ದು ಮಾಡುತ್ತಿತ್ತು. ಮಹಾರಾಷ್ಟ್ರದ ಕಡೆ ಡ್ಯಾಮು ಬಿಟ್ಟಿದ್ದರು, ಕೆಳಗೆ ಬ್ಯಾರೇಜಿನ ಗೇಟು ಎತ್ತಿದ್ದರು. ಮೂರು ವರ್ಷ ಸುಮ್ಮನೆ ಬಿದ್ದಿದ್ದ ನೀರು ಮೈಮುರಿದು ಎದ್ದಿತ್ತು. ಕೆಂಪು ರಾಡಿ, ಕಬ್ಬಿನ ಒಣಗರಿಯ ರವದಿ, ಬುಡಸಮೇತ ಕಿತ್ತ ಬಾಳೆ. ಅವಳು ಕೈ ಮುಗಿದಳು. “ಗಂಗವ್ವಾ,” ಎಂದಷ್ಟೇ ಅಂದಳು. ದೋಣಿಯನ್ನು ಜಾಲಿಯ ಕೊರಡಿನಿಂದ ಬಿಚ್ಚಿ, ಗಳ ಊರಿ ಘಟ್ಟದ ಮರೆಗೆ ತಂದು, ಹಗ್ಗವನ್ನು ನಡುವಿಗೆ ಸುತ್ತಿಕೊಂಡು ನಿಂತಳು.

ಮಧ್ಯಾಹ್ನದ ಹೊತ್ತಿಗೆ ಬಳೆಗಲ್ಲಿನ ತಲೆ ಮುಳುಗಿತು. ಬೋಟು ಮೇಲೇಳಲು ನೋಡಿತು. ಎರಡು ಮೊಳದ ಸರಪಳಿ ಬಿಡಲಿಲ್ಲ. ಮೂತಿ ಕೆಳಗಾಯಿತು, ಎಂಜಿನು ಆಕಾಶ ನೋಡಿತು. ನೀರಿನ ಜೊತೆ ಬದುಕಿದವರು ಯಾರೂ ಏರುವ ಹೊಳೆಯಲ್ಲಿ ಸರಪಳಿ ಹಾಕುವುದಿಲ್ಲ. ಹಗ್ಗವಾದರೆ ಸಡಿಲ ಬಿಡಬಹುದು, ಕಡೆಗೆ ಕೊಯ್ಯಬಹುದು.

ಗೌಡ ಕಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ. ಆಳುಗಳು ಸೊಂಟಮಟ್ಟ ಇಳಿದು ಹಿಂದಕ್ಕೆ ಬಂದರು. ಒಬ್ಬನಿಗೂ ಮುಳುಗು ಹಾಕಲು ಬರುತ್ತಿರಲಿಲ್ಲ. ಗುರುಪಾದಯ್ಯ ಕೊಡ ಕೆಳಗಿಟ್ಟು ನಿಂತಿದ್ದ.

“ಲೇ ಶೇವಂತೀ! ನೋಡ್ಕೋತ ಏನ ನಿಂತೀಬೇ? ಇಳಿ ಒಳಗ. ಕೀಲಿ ತಗಿ.”

ಅವಳು ನಡುವಿನ ಹಗ್ಗದ ಸುತ್ತು ಬಿಗಿದುಕೊಂಡಳು.

ಗೌಡನ ದನಿ ಇಳಿಯಿತು. “ಹೆಂಗರ ಮಾಡವಾ. ನಿಮ್ಮ ಮಂದ್ಯಾಗ ಕಟ್ಟಳಿ ಐತಲ್ಲ. ಏರೂ ನೀರಾಗ ಯಾರ ಹಗ್ಗ ಇದ್ದರೂ ಬಿಡಬೇಕಂತ. ನಿನ್ನ ಗಂಡ ನನ್ನ ಮೋಟರ್ ಉಳಿಸಿದಾಂವ. ದೇವರಂಥಾ ಮನಷ್ಯಾ.”

ಮೊದಲ ಸಲ ಆ ಬಾಯಲ್ಲಿ ಗಂಡ ಮೋಟರು ಉಳಿಸಿದ ಸುದ್ದಿ ಬಂದಿತ್ತು. ಶೇವಂತಿ ಕೈ ಚಾಚಿದಳು.

“ಕೀಲಿಕೈ ಕೊಡ್ರಿ.”

ಗೌಡ ಎಸೆದ. ಅವಳು ಹಿಡಿದು ಹಲ್ಲಿನಲ್ಲಿ ಕಚ್ಚಿಕೊಂಡಳು. ನಡುವಿನ ಹಗ್ಗ ಬಿಚ್ಚಲಿಲ್ಲ. ದೋಣಿಯಲ್ಲಿ ಸಿಂಬೆ ಸುತ್ತಿಟ್ಟಿದ್ದ ಉಳಿದ ಹಗ್ಗವನ್ನೂ ಸಡಿಲು ಮಾಡಿ, ಸೀರೆಯನ್ನು ಕಚ್ಚೆ ಹಾಕಿ, ಮುಳುಗಿದಳು.

ಒಳಗೆ ಕಣ್ಣಿಗೆ ಏನೂ ಇರಲಿಲ್ಲ. ಮಾವನಂತೆ ಬೆರಳಿನಿಂದ ನೋಡಬೇಕು. ಸರಪಳಿ ಸಿಕ್ಕಿತು, ನಡುಗುತ್ತಿತ್ತು. ಅದನ್ನೇ ಹಿಡಿದು ಇಳಿದರೆ ಕಲ್ಲು, ಕಲ್ಲಿನ ತೂತು, ಕೀಲಿ. ಒಂದು ಸಲ ಮೇಲೆ ಬಂದು ಉಸಿರು ತುಂಬಿಕೊಂಡು ಮತ್ತೆ ಹೋದಳು. ಕೀಲಿಕೈ ತಿರುಗಿತು. ಸರಪಳಿ ಅವಳ ಅಂಗೈ ಸೀಳಿಕೊಂಡು ತೂತಿನಿಂದ ಸರ್‍ರನೆ ಹೊರಬಿತ್ತು. ಕಲ್ಲಿನ ಹೊಟ್ಟೆ ಖಾಲಿಯಾಯಿತು. ಎದೆಯಲ್ಲಿ ಇನ್ನೊಂದು ಗಂಟಿಗೆ ಆಗುವಷ್ಟು ಉಸಿರಿತ್ತು. ಶೇವಂತಿ ನಡುವಿನ ಹಗ್ಗ ಬಿಚ್ಚಿ ಆ ತೂತಿನಲ್ಲಿ ಹಾಯಿಸಿ, ಎರಡು ಸುತ್ತು ಸುತ್ತಿ, ಮಲಕಾಜಪ್ಪ ಹಾಕುತ್ತಿದ್ದ ಗಂಟು ಹಾಕಿದಳು. ಕೀಲಿಕೈ ಎಲ್ಲಿ ಬಿತ್ತೋ ನೋಡಲಿಲ್ಲ.

ಮೇಲೆ ಬಂದಾಗ ಬೋಟು ಒಂದು ಸಲ ಗಿರಕಿ ಹೊಡೆದು, ಸರಪಳಿಯನ್ನು ಬಾಲದಂತೆ ಎಳೆದುಕೊಂಡು ನಡುಹೊಳೆಗೆ ಹೋಗುತ್ತಿತ್ತು.

“ಹಿಡೀಬೇ! ಹಿಡಿ ಅದನ್ನ! ಬೆನ್ನಟ್ಟ ದೋಣಿಲೆ!”

ಶೇವಂತಿ ತನ್ನ ದೋಣಿಯ ಅಂಚು ಹಿಡಿದು ಹತ್ತಿ ಕೂತಳು. ಮೂಗಿನಿಂದ ನೀರು ಸೋರುತ್ತಿತ್ತು. ಉಸಿರು ಹತ್ತಲು ತಡವಾಯಿತು.

“ಬಿಚ್ಚಿದ್ದಷ್ಟ ನಾನು ಗೌಡ್ರ,” ಎಂದಳು. “ಹೊಳಿ ಒಯ್ದರ ನನ್ನ ಕೇಳಬ್ಯಾಡ್ರಿ.”

ಬಿಳಿ ಬೋಟು ತಿರುವಿನಲ್ಲಿ ಮರೆಯಾಯಿತು. ಆಗ ಗೌಡ ಅವಳ ದೋಣಿಯತ್ತ ನೋಡಿದ. ಅಷ್ಟು ಸೆಳವಿನಲ್ಲೂ ದೋಣಿ ಕದಲದೆ ನಿಂತಿತ್ತು. ಹಗ್ಗ ನೇರ ಕೆಳಗೆ, ಬಳೆಗಲ್ಲಿದ್ದ ಕಡೆಗೆ ಇಳಿದಿತ್ತು.

“ಸೂಳಿ... ಕಲ್ಲಿಗಿ ಕಟ್ಟ್ಯಾಳಲೇ! ಬಿಚ್ಚ! ಬಿಚ್ಚ ಅಂತೇನಿ!”

“ನೀವ ಬಿಚ್ರಿ. ಬೆತ್ತ ಐತಲ್ರಿ.”

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ದಂಡೆಯ ಮೇಲೆ, ನಿನ್ನೆ ದಾಟಿ ಬಂದು ಈಚೆಗೇ ಉಳಿದ ಮಗ್ಗದ ಹೆಣ್ಣುಮಕ್ಕಳು ನಿಂತಿದ್ದರು, ಮಾಯವ್ವನೂ ಇದ್ದಳು. ನಕ್ಕದ್ದು ಯಾರೆಂದು ಗೌಡ ತಿರುಗಿ ನೋಡಿದ. ಯಾರ ಮುಖದಲ್ಲೂ ನಗು ಇರಲಿಲ್ಲ. ಯಾರೂ ಜಾಗ ಬಿಟ್ಟು ಹೋಗಲೂ ಇಲ್ಲ.

ಗೌಡ ಆಳುಗಳಿಗೆ ಕುಡಗೋಲು ತರಲು ಹೇಳಿದ. ಇಬ್ಬರು ಬಂದು, ಕುಡಗೋಲು ಎತ್ತಿ ಹಿಡಿದು, ಸೊಂಟದ ತನಕ ಇಳಿದು ನಿಂತರು. ಅಲ್ಲಿಂದ ದೋಣಿಗೆ ಐದಾರು ಮಾರು. ಮುಂದಿನ ಹೆಜ್ಜೆಗೆ ಮೆಟ್ಟಿಲು ಕಾಲಿಗೆ ಸಿಗುತ್ತಿರಲಿಲ್ಲ. ಶೇವಂತಿ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅವರನ್ನೇ ನೋಡುತ್ತ ಕೂತಳು. ಸೀಳಿದ ಅಂಗೈಯಿಂದ ರಕ್ತ ಹುಟ್ಟಿನ ಮೇಲೆ ಇಳಿಯುತ್ತಿತ್ತು.

ನೀರು ಇನ್ನೂ ಏರುತ್ತಿತ್ತು. ತಲಾಟಿಯ ಬೋರ್ಡಿನ ಕೆಳಗಿನ ಸಾಲು ಮುಳುಗಿತು, ಆಮೇಲೆ ಅದರ ಮೇಲಿನದು. ಹಗ್ಗ ಬಿಗಿಯಾಯಿತು, ದೋಣಿಯ ಮೂತಿ ಒಂದಿಷ್ಟು ಬಾಗಿತು. ಸಿಂಬೆಯಲ್ಲಿ ಉಳಿದದ್ದು ನಾಲ್ಕು ಮಾರು. ಶೇವಂತಿ ಕುಡಗೋಲಿನವರ ಮೇಲಿನ ಕಣ್ಣು ತೆಗೆಯದೆ, ಕೈಯಿಂದ ತಡವಿ, ಒಂದು ಮಾರು ಹಗ್ಗ ಬಿಟ್ಟಳು.