ಒಂಬತ್ತು ಗಂಟೆಯ ಕುಲುಮೆ

ಬಟ್ಟೆ ಅಂಗಡಿಯ ಕೆಲಸ ಬಿಟ್ಟು, ಮಹಡಿಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ತೆರೆದ ಮೇಲೆ ಬೀದಿಯವರು ಅವಳನ್ನು ರೂಮಕ್ಕ ಎನ್ನತೊಡಗಿದರು. ಹೊಸ ಹಾಸಿಗೆ, ಬಿಸಿನೀರು, ಕಿಟಕಿಗೆ ದಪ್ಪ ಪರದೆ, ಯಾವುದಕ್ಕೂ ಅವಳು ಕೈ ಬಿಗಿ ಹಿಡಿದಿರಲಿಲ್ಲ. ಆದರೆ ಕೆಳಗೇ ದೊಡ್ಡಪ್ಪನ ಕುಲುಮೆ. ಬೆಳಗಿನ ಐದಕ್ಕೆ ಸುತ್ತಿಗೆ ಶುರು. ಕಲ್ಲುಕುಟಿಗರು ಕೆಲಸಕ್ಕೆ ಹೋಗುವ ಮುಂಚೆ ಉಳಿಗಳಿಗೆ ಮೊನೆ ಹಿಡಿಸಿಕೊಳ್ಳಬೇಕು. ಬಂದ ಪ್ರವಾಸಿಗರು ಒಂದೇ ರಾತ್ರಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಫೋನಿನಲ್ಲಿ ಅವರು ಕೊಟ್ಟದ್ದು ಒಂದೇ ನಕ್ಷತ್ರ: ‘ನಿದ್ದೆ ಇಲ್ಲ.’

ಮೂರನೆಯ ತಿಂಗಳು ಅವಳು ಕೆಳಗಿಳಿದು ಹೋದಳು.

“ದೊಡ್ಡಪ್ಪ, ಒಂಬತ್ತು ಗಂಟೆ ಮೇಲೆ ಶುರು ಮಾಡಿದ್ರೆ ಆಗಲ್ವಾ?”

“ಬಿಸಿಲೇರಿದ ಮೇಲೆ ಬೆಂಕಿ ಮುಂದೆ ಕೂರೋಕೆ ನಾನೇನು ಸುಡೋ ಬದನೆಕಾಯಿನಾ?”

“ತಮಾಷೆ ಅಲ್ಲ, ದೊಡ್ಡಪ್ಪ.”

“ಅಲ್ಲ ಮಗಾ, ಮಲಗೋಕೆ ಇಷ್ಟು ದೂರ ಬರ್ತಾರಾ? ಅವರ ಮನೇಲಿ ಮಂಚ ಇಲ್ವಾ?”

ಅವಳಿಗೆ ನಗು ಬಂತು. ಆದರೂ ಬಿಡಲಿಲ್ಲ. “ರೂಮು ಮುಳುಗಿದ್ರೆ ನಾನೂ ಮುಳುಗಿದ ಹಾಗೇ. ಅಂಗಡಿಯವರು ಮತ್ತೆ ಸೇರಿಸ್ಕೊಳ್ಳಲ್ಲ.”

ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ತಿದಿಯ ಹಿಡಿ ಬಿಟ್ಟು, “ಆಯ್ತು ಹೋಗು,” ಎಂದ.

ಉಳಿ ತಂದವರು ಎರಡು ದಿನ ಮುಚ್ಚಿದ ಬಾಗಿಲು ನೋಡಿದರು, ಮೂರನೆಯ ದಿನ ಬೇರೆ ಬೀದಿ ಹಿಡಿದರು. ಆರು ತಿಂಗಳಲ್ಲಿ ಕುಲುಮೆ ಆರಿತು. ದೊಡ್ಡಪ್ಪ ಸುತ್ತಿಗೆಗಳನ್ನು ಒರೆಸಿ ಮೂಲೆಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಮಹಡಿಯಲ್ಲಿ ಜನ ಕಣ್ತುಂಬ ನಿದ್ದೆ ಮಾಡಿದರು. ಎದ್ದು ಪರದೆ ಸರಿಸಿ, “ಇಲ್ಲಿ ನೋಡೋಕೆ ಏನಿದೆ?” ಎಂದು ಕೇಳಿದರು. ಏನು ಹೇಳುವುದು? ಕಲ್ಲುಕುಟಿಗರ ಬೆನ್ನಿಗೇ ಅವರನ್ನು ನಂಬಿದ್ದ ಚಹಾದವನೂ ಹೋಗಿದ್ದ. ಫೋನಿನಲ್ಲಿ ಈಗ: ‘ಹಾಸಿಗೆ ಮೆತ್ತಗಿದೆ. ಬೀದಿ ಸತ್ತಿದೆ.’

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ದೊಡ್ಡ ಹೋಟೆಲು ಎದ್ದಿತು. ಅದರ ಅಂಗಳದಲ್ಲಿ ಒಂದು ಚಪ್ಪರ, ಕೆಳಗೆ ಕುಲುಮೆ, ಬೋರ್ಡು: ‘ಹಳೆಯ ಬೀದಿಯ ಕಮ್ಮಾರ. ದಿನಾ ಸಂಜೆ ನಾಲ್ಕಕ್ಕೆ.’ ಅವಳ ರೂಮಿನಲ್ಲಿ ಉಳಿದಿದ್ದ ಗಂಡ ಹೆಂಡತಿ ಅಲ್ಲಿಗೆ ದಾರಿ ಕೇಳಿದರು. ತೋರಿಸಿದಳು. ಮರುದಿನ ರೂಮನ್ನೂ ಅಲ್ಲಿಗೇ ಬದಲಾಯಿಸಿಕೊಂಡರು.

ಅವತ್ತು ನಾಲ್ಕಕ್ಕೆ ಅವಳೂ ಹೋದಳು. ಚಪ್ಪರದ ಕೆಳಗೆ ಕೂತಿದ್ದ ದೊಡ್ಡಪ್ಪನಿಗೆ ಬಿಳಿ ಅಂಗಿ ತೊಡಿಸಿದ್ದರು. ಕಮ್ಮಾರನಿಗೆ ಬಿಳಿ ಅಂಗಿ.

“ಬಾ ದೊಡ್ಡಪ್ಪ, ನಮ್ಮ ಕುಲುಮೆ ಹಚ್ಚು. ಬೆಳಿಗ್ಗೆ ಐದಕ್ಕೇ ಹೊಡಿ, ಬೇಕಾದ್ರೆ ನಾಲ್ಕಕ್ಕೇ ಹೊಡಿ. ನಾನು ತುಟಿ ಬಿಚ್ಚಲ್ಲ.”

“ಉಳಿ ಯಾರು ತರ್ತಾರೆ, ನೀನಾ?”

ಬಡಿಯುವ ಅಡಿಗಲ್ಲಿನ ಮೇಲಿದ್ದ ಕಬ್ಬಿಣದ ಸರಳನ್ನು ಅವಳು ನೋಡಿದಳು. ದಿನಾ ಕಾಯಿಸಿ ಬಡಿದು ತೆಳ್ಳಗಾಗಿತ್ತು, ಉಳಿಯಾಗಲಿ ಕತ್ತಿಯಾಗಲಿ ಏನೂ ಆಗಿರಲಿಲ್ಲ.

“ಇದರಲ್ಲಿ ಏನ್ ಮಾಡ್ತಿದ್ದೀಯ?”

“ಸದ್ದು,” ಎಂದ.

ಹಿಂದಿನಿಂದ ಮ್ಯಾನೇಜರ್ ಬಂದ. “ಅಕ್ಕಾ, ಸ್ವಲ್ಪ ಆಚೆ ನಿಂತ್ಕೊಳ್ಳಿ. ಫೋಟೊಗೆ ಅಡ್ಡ ಬರ್ತೀರಿ.”

ಅವಳು ಸರಿದು ನಿಂತಳು. ದೊಡ್ಡಪ್ಪ ಸುತ್ತಿಗೆ ಎತ್ತಿದವನು, ಎಲ್ಲರೂ ಫೋನು ತೆಗೆಯುವವರೆಗೂ ಅದನ್ನು ಹಾಗೇ ಮೇಲೆ ಹಿಡಿದಿದ್ದ.